ಡೇಟಾಬೇಸ್ ವ್ಯೂನಲ್ಲಿ ‘ಇವತ್ತು’ ಎಂದರೆ ಯಾವಾಗ?

ಒಂದು ಗ್ರಂಥಾಲಯದ ಎರವಲು ಲೆಕ್ಕದ ಟೇಬಲ್ ಇದೆ ಎಂದುಕೊಳ್ಳಿ. ಒಂದೊಂದು ಸಾಲಿನಲ್ಲೂ ಸದಸ್ಯರ ಸಂಖ್ಯೆ, ಪುಸ್ತಕದ ಸಂಖ್ಯೆ, ಪುಸ್ತಕ ಕೊಟ್ಟ ದಿನ, ವಾಯಿದೆಯ ದಿನ, ಮರಳಿದ ಸಮಯ ಇವಿಷ್ಟು ಇವೆ. ಪುಸ್ತಕ ಇನ್ನೂ ವಾಪಸು ಬಂದಿಲ್ಲವಾದರೆ ಕೊನೆಯ ಕಾಲಂ ಖಾಲಿ, ಅಂದರೆ ನಲ್. ಕೌಂಟರಿನಲ್ಲಿ ಕೂತವರಿಗೆ ದಿನಾ ಬೆಳಿಗ್ಗೆ ಬೇಕಾಗುವುದು ಒಂದೇ ಪಟ್ಟಿ: ವಾಯಿದೆ ಮೀರಿದ ಪುಸ್ತಕಗಳು ಯಾವುವು?

ಈ ಪ್ರಶ್ನೆಯಲ್ಲಿ ಒಂದು ವಿಚಿತ್ರವಿದೆ. ರಾತ್ರಿಯಿಡೀ ಟೇಬಲ್ಲನ್ನು ಯಾರೂ ಮುಟ್ಟಿಲ್ಲ. ಒಂದು ಸಾಲು ಸೇರಿಲ್ಲ, ಒಂದು ಅಳಿದಿಲ್ಲ, ಒಂದು ಅಕ್ಷರವೂ ತಿದ್ದುಪಡಿಯಾಗಿಲ್ಲ. ಆದರೂ ಬೆಳಿಗ್ಗೆ ನೋಡಿದರೆ ಪಟ್ಟಿ ಬೆಳೆದಿರುತ್ತದೆ. ಡೇಟಾಬೇಸ್‌ನ ಒಳಗಿನ ಹೆಚ್ಚಿನ ಏರ್ಪಾಡುಗಳು ನಂಬಿಕೊಂಡಿರುವುದು ಇದಕ್ಕೆ ತದ್ವಿರುದ್ಧವಾದ ಮಾತನ್ನು: ಡೇಟಾ ಬದಲಾಗದಿದ್ದರೆ ಉತ್ತರವೂ ಬದಲಾಗುವುದಿಲ್ಲ. ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಇಟ್ಟ ಸೂಚಿ), ಕ್ಯಾಶ್ (ಮತ್ತೆ ಬಳಸಲು ತೆಗೆದಿಟ್ಟ ಉತ್ತರ), ಮೊದಲೇ ಲೆಕ್ಕ ಹಾಕಿಟ್ಟ ಕಾಲಂ ಎಲ್ಲವೂ ನಿಂತಿರುವುದು ಈ ನಂಬಿಕೆಯ ಮೇಲೆ. ದಿನಾಂಕದ ಫಿಲ್ಟರ್ ಬಂದ ಕೂಡಲೇ ಅದು ಮುರಿಯುತ್ತದೆ. ಆಮೇಲೆ ಎದುರಾಗುವ ತೊಡಕುಗಳ ಬುಡ ಹಿಡಿದು ಹೋದರೆ ಸಿಗುವುದು ಎರಡೇ ಪ್ರಶ್ನೆಗಳು. ‘ಇವತ್ತು’ ಲೆಕ್ಕವಾದದ್ದು ಯಾವ ಗಳಿಗೆಯಲ್ಲಿ? ಅದು ಯಾರ ಗಡಿಯಾರದ ಪ್ರಕಾರ?

ಸರಳವಾದ ಕಡೆಯಿಂದಲೇ ಶುರು ಮಾಡೋಣ. ಎಸ್‌ಕ್ಯೂಎಲ್ ಎಂದರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ, ಕ್ವೆರಿ ಎಂದರೆ ಅದರಲ್ಲಿ ಬರೆದ ಪ್ರಶ್ನೆ. ಸಾಮಾನ್ಯ ಎಸ್‌ಕ್ಯೂಎಲ್ ವ್ಯೂ ಎಂದರೆ ಹೆಸರಿಟ್ಟು ಉಳಿಸಿದ ಕ್ವೆರಿ, ಅಷ್ಟೆ. ಅದರೊಳಗೆ ಸಾಲುಗಳಿಲ್ಲ. ನೀವು ವ್ಯೂನಿಂದ ಓದಲು ಹೊರಟಾಗ ಡೇಟಾಬೇಸ್ ಅದರ ಒಳಗಿನ ಕ್ವೆರಿಯನ್ನು ನಿಮ್ಮ ಕ್ವೆರಿಯೊಳಕ್ಕೆ ಬಿಡಿಸಿಕೊಂಡು, ಆ ಕ್ಷಣದಲ್ಲಿ ಟೇಬಲ್ಲನ್ನು ಓದುತ್ತದೆ. ಹಾಗಾಗಿ ವ್ಯೂನ ಷರತ್ತಿನಲ್ಲಿ ‘ಮರಳಿದ ಸಮಯ ನಲ್ ಆಗಿರಬೇಕು, ವಾಯಿದೆಯ ದಿನ ಕರೆಂಟ್ ಡೇಟ್‌ಗಿಂತ ಚಿಕ್ಕದಿರಬೇಕು’ ಎಂದು ಬರೆದರೆ ಸಾಕು. ಸೋಮವಾರ ಓದಿದರೆ ಸೋಮವಾರದ ಪಟ್ಟಿ, ಮಂಗಳವಾರ ಓದಿದರೆ ಮಂಗಳವಾರದ ಪಟ್ಟಿ ಬರುತ್ತದೆ. ಕರೆಂಟ್ ಡೇಟ್ ಎನ್ನುವುದು ಇವತ್ತಿನ ತಾರೀಖು ಹೇಳುವ ಫಂಕ್ಷನ್. ವ್ಯೂ ಉಳಿಸಿಕೊಂಡಿರುವುದು ಆ ಫಂಕ್ಷನ್‌ನ ಹೆಸರನ್ನೇ ಹೊರತು ಅದು ಒಮ್ಮೆ ಕೊಟ್ಟ ಬೆಲೆಯನ್ನಲ್ಲ. ಒಂದೊಂದು ಡೇಟಾಬೇಸ್‌ನಲ್ಲಿ ಈ ಫಂಕ್ಷನ್‌ಗೆ ಒಂದೊಂದು ಹೆಸರು: ಪೋಸ್ಟ್‌ಗ್ರೆಸ್‌ನಲ್ಲಿ ಕರೆಂಟ್ ಡೇಟ್, ಮೈಎಸ್‌ಕ್ಯೂಎಲ್‌ನಲ್ಲಿ ಕರ್‌ಡೇಟ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಗೆಟ್‌ಡೇಟ್, ಒರಾಕಲ್‌ನಲ್ಲಿ ಸಿಸ್‌ಡೇಟ್ (ಈ ಕೊನೆಯ ಎರಡು ತಾರೀಖಿನ ಜೊತೆ ಸಮಯವನ್ನೂ ಕೊಡುತ್ತವೆ), ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಬರೀ ಡೇಟ್.

ಬಹಳಷ್ಟು ಜನರಿಗೆ ಇಷ್ಟೇ ಸಾಕಾಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಹೆಸರು ಉಳಿಯುತ್ತದೆ, ಬೆಲೆಯಲ್ಲ’ ಎಂಬ ಮಾತು ಎಲ್ಲೆಲ್ಲಿ ಸುಳ್ಳಾಗುತ್ತದೆ ಎಂದು ಗೊತ್ತಿರಬೇಕು.

ಹೆಪ್ಪುಗಟ್ಟಿದ ತಾರೀಖು

ಪೋಸ್ಟ್‌ಗ್ರೆಸ್‌ನಲ್ಲಿ ‘ಟುಡೇ’, ‘ಟುಮಾರೋ’, ‘ಯೆಸ್ಟರ್‌ಡೇ’, ‘ನೌ’ ಎಂಬ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಬರೆದು ದಿನಾಂಕವೆಂದು ಬಳಸಬಹುದು. ಕೈಯಾರೆ ಕ್ವೆರಿ ಟೈಪ್ ಮಾಡುವಾಗ ಬಲು ಅನುಕೂಲ. ಅದನ್ನೇ ವ್ಯೂನೊಳಗೆ ಹಾಕಿದರೆ ಕಥೆ ಬೇರೆ. ಅದು ಫಂಕ್ಷನ್ ಅಲ್ಲ, ಬರೀ ಅಕ್ಷರಮಾಲೆ. ವ್ಯೂ ಸೃಷ್ಟಿಯಾಗುವ ಹೊತ್ತಿನಲ್ಲೇ ಅದು ನಿಜವಾದ ತಾರೀಖಾಗಿ ಬದಲಾಗಿ, ಹಾಗೆಯೇ ಉಳಿದುಬಿಡಬಹುದು. ಅಂದರೆ ವ್ಯೂ ಬರೆದ ದಿನವೇ ಅದರ ಪಾಲಿಗೆ ಎಂದೆಂದಿಗೂ ‘ಇವತ್ತು’. ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ಈ ಬಗ್ಗೆ ಎಚ್ಚರಿಸುತ್ತದೆ. ಇದರ ಕೆಟ್ಟತನ ಇರುವುದು ಮೊದಲ ದಿನ ಎಲ್ಲವೂ ಸರಿಯಾಗಿ ಕಾಣುವುದರಲ್ಲಿ. ಪರೀಕ್ಷೆ ಮಾಡಿದವರು ಅವತ್ತೇ ಪರೀಕ್ಷಿಸಿ, ಸರಿಯಿದೆ ಎಂದು ಹೇಳಿ ಹೋಗಿರುತ್ತಾರೆ.

ಇದೇ ರೋಗ ಡೇಟಾಬೇಸ್‌ನ ಆಚೆಯೂ ಇದೆ. ಪ್ರೋಗ್ರಾಂ ಚಾಲೂ ಆಗುವಾಗ ಇವತ್ತಿನ ತಾರೀಖನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟು, ಆಮೇಲೆ ಪ್ರತಿ ಕ್ವೆರಿಗೂ ಅದನ್ನೇ ಕಳಿಸುವ ಕೋಡ್ ವಿರಳವೇನಲ್ಲ. ಜಾಲತಾಣ ಕಟ್ಟಲು ಬಳಸುವ ಜ್ಯಾಂಗೋ ಎಂಬ ಪೈಥಾನ್ ಚೌಕಟ್ಟಿನಲ್ಲಿ ಕಾಲಂನ ಡೀಫಾಲ್ಟ್ ಬೆಲೆಯಾಗಿ ‘ನೌ’ ಎಂಬ ಫಂಕ್ಷನ್ನನ್ನು ಕೊಡುವ ಬದಲು, ಕಂಸ ಸೇರಿಸಿ ಅಲ್ಲೇ ಅದನ್ನು ಕರೆದುಬಿಟ್ಟರೆ ಸರ್ವರ್ ಶುರುವಾದ ಸಮಯವೇ ಎಲ್ಲ ಸಾಲುಗಳಿಗೂ ಅಂಟಿಕೊಳ್ಳುತ್ತದೆ. ಎರಡು ಕಂಸಗಳ ವ್ಯತ್ಯಾಸ. ಸರ್ವರ್ ಮತ್ತೆ ಚಾಲೂ ಮಾಡಿದ ಕೂಡಲೇ ಸರಿಹೋಗುವುದರಿಂದ ‘ಆಗಾಗ ಬರುವ, ತಾನಾಗಿಯೇ ಹೋಗುವ’ ದೋಷಗಳ ಪಟ್ಟಿಗೆ ಅದೂ ಸೇರಿ, ವರ್ಷಗಟ್ಟಲೆ ಹಾಗೇ ಇರುತ್ತದೆ.

ಸ್ಥಿತಿಯ ಕಾಲಂ ಎಂಬ ಆಮಿಷ

ಕೆಲವರಿಗೆ ವ್ಯೂಗಿಂತ ಸುಲಭವೆನ್ನಿಸುವ ಇನ್ನೊಂದು ದಾರಿ ಇದೆ. ಟೇಬಲ್ಲಿನಲ್ಲಿ ‘ಸ್ಥಿತಿ’ ಎಂಬ ಕಾಲಂ ಸೇರಿಸಿ, ರಾತ್ರಿ ಹನ್ನೆರಡು ದಾಟಿದ ಮೇಲೆ ಒಂದು ಜಾಬ್ (ನಿಗದಿತ ಹೊತ್ತಿಗೆ ತಾನಾಗಿಯೇ ಓಡುವ ಕೆಲಸ) ಓಡಿಸಿ, ವಾಯಿದೆ ಮೀರಿದ ಸಾಲುಗಳಲ್ಲೆಲ್ಲ ‘ಬಾಕಿ’ ಎಂದು ಬರೆಯುವುದು. ಆಮೇಲೆ ವ್ಯೂಗೆ ದಿನಾಂಕದ ಗೊಡವೆಯೇ ಬೇಡ.

ನನ್ನ ಮಟ್ಟಿಗೆ ಇದು ತಪ್ಪು ದಾರಿ. ವಾಯಿದೆಯ ದಿನ ಟೇಬಲ್ಲಿನಲ್ಲಿ ಇದ್ದೇ ಇದೆ. ಅದರಿಂದ ಹೊರಡುವ ತೀರ್ಮಾನವನ್ನೂ ಪಕ್ಕದಲ್ಲಿ ಬರೆದಿಟ್ಟರೆ ಒಂದೇ ಸತ್ಯಕ್ಕೆ ಎರಡು ಸಾಕ್ಷಿಗಳಾಗುತ್ತವೆ, ಒಂದು ದಿನ ಅವುಗಳ ಮಾತು ಹೊಂದುವುದಿಲ್ಲ. ಜಾಬ್ ಒಂದು ರಾತ್ರಿ ಓಡದಿದ್ದರೆ ಪಟ್ಟಿ ಸುಳ್ಳು ಹೇಳುತ್ತದೆ, ಅದೂ ಯಾವ ದೋಷಸಂದೇಶವೂ ಇಲ್ಲದೆ. ಬೆಳಿಗ್ಗೆ ಸದಸ್ಯರೊಬ್ಬರ ವಾಯಿದೆ ವಿಸ್ತರಿಸಿದರೆ ಸ್ಥಿತಿಯನ್ನೂ ತಿದ್ದಬೇಕು, ಅದನ್ನು ಮರೆಯುವ ಕೋಡ್ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಹೊತ್ತು ಕಳೆದದ್ದರಿಂದ ಮಾತ್ರ ಬದಲಾಗುವ ಸಂಗತಿಯನ್ನು ಬರೆದಿಡಬೇಡಿ, ಕೇಳಿದಾಗ ಲೆಕ್ಕ ಹಾಕಿ. ಆದರೆ ‘ನೆನಪೋಲೆ ಕಳಿಸಿದ ದಿನ’ ಇದೆಯಲ್ಲ, ಅದನ್ನು ಬರೆದಿಡಲೇಬೇಕು. ಅದು ಕಾಲ ಸರಿದದ್ದರ ಫಲವಲ್ಲ, ನಿಜವಾಗಿ ನಡೆದ ಒಂದು ಘಟನೆ. ಇವೆರಡರ ನಡುವಿನ ಗೆರೆ ಕಂಡುಕೊಂಡರೆ ಟೇಬಲ್ ವಿನ್ಯಾಸದ ಅರ್ಧ ಗೊಂದಲ ತಪ್ಪುತ್ತದೆ.

ಡೇಟಾಬೇಸ್‌ಗಳೂ ಇದೇ ಗೆರೆಯನ್ನು ಎಳೆದಿವೆ. ಪೋಸ್ಟ್‌ಗ್ರೆಸ್‌ನಲ್ಲಿ ಜನರೇಟೆಡ್ ಕಾಲಂನೊಳಗೆ (ಬೇರೆ ಕಾಲಂಗಳಿಂದ ಡೇಟಾಬೇಸೇ ಲೆಕ್ಕ ಹಾಕುವ ಕಾಲಂ) ಕರೆಂಟ್ ಡೇಟ್ ಬಳಸಿ ವಯಸ್ಸು ಲೆಕ್ಕ ಹಾಕಲು ಹೋದರೆ ಅದು ಒಪ್ಪುವುದಿಲ್ಲ. ಮೈಎಸ್‌ಕ್ಯೂಎಲ್ ಕೂಡ ಒಪ್ಪುವುದಿಲ್ಲ. ‘ವಾಯಿದೆ ಇವತ್ತಿಗಿಂತ ಹಿಂದಿರುವ ಸಾಲುಗಳು ಮಾತ್ರ’ ಎಂದು ಭಾಗಶಃ ಇಂಡೆಕ್ಸ್ ಕಟ್ಟಲು ಹೊರಟರೂ ಪೋಸ್ಟ್‌ಗ್ರೆಸ್ ತಡೆಯುತ್ತದೆ: ಇಂಡೆಕ್ಸಿನ ಷರತ್ತಿನಲ್ಲಿ ಬರುವ ಫಂಕ್ಷನ್‌ಗಳು ಎಂದೂ ಬದಲಾಗದ ಉತ್ತರ ಕೊಡುವಂಥವೇ ಆಗಿರಬೇಕು. ಮೊದಲ ಸಲ ಈ ಸಂದೇಶ ಕಂಡವರಿಗೆ ಕಿರಿಕಿರಿಯಾಗುತ್ತದೆ. ಆದರೆ ಯೋಚಿಸಿ ನೋಡಿ, ಸಾಲು ಬದಲಾದಾಗ ಮಾತ್ರ ಇಂಡೆಕ್ಸ್ ಪರಿಷ್ಕಾರವಾಗುತ್ತದೆ. ನಡುರಾತ್ರಿ ದಿನ ಬದಲಾಯಿತೆಂದು ಅದಕ್ಕೆ ಹೇಳುವವರು ಯಾರು? ಇಲ್ಲಿಗೆ ಬೇಕಾದದ್ದು ‘ಮರಳಿದ ಸಮಯ ನಲ್ ಆಗಿರುವ ಸಾಲುಗಳು’ ಎಂಬ ಷರತ್ತಿನ ಮೇಲೆ, ವಾಯಿದೆಯ ದಿನದ ಇಂಡೆಕ್ಸ್. ಸ್ಥಿರವಾದದ್ದು ಇಂಡೆಕ್ಸಿನಲ್ಲಿ, ಓಡುವ ತಾರೀಖು ಕ್ವೆರಿಯಲ್ಲಿ.

ಉತ್ತರವನ್ನೇ ಉಳಿಸಿಟ್ಟ ವ್ಯೂಗಳು

ಈಗ ನಿಜವಾದ ತಲೆನೋವಿನ ಭಾಗ. ಎಲ್ಲ ವ್ಯೂಗಳೂ ಪ್ರಶ್ನೆಯನ್ನಷ್ಟೇ ಉಳಿಸಿಕೊಳ್ಳುವುದಿಲ್ಲ, ಕೆಲವು ಉತ್ತರವನ್ನೇ ಉಳಿಸಿಕೊಳ್ಳುತ್ತವೆ.

ಮೆಟೀರಿಯಲೈಸ್ಡ್ ವ್ಯೂ ಹೆಸರಿಗೆ ವ್ಯೂ, ಸ್ವಭಾವದಲ್ಲಿ ಟೇಬಲ್. ಪೋಸ್ಟ್‌ಗ್ರೆಸ್‌ಗೆ ಇದು 2013ರ 9.3 ಆವೃತ್ತಿಯಲ್ಲಿ ಬಂತು. ಇದರೊಳಗೆ ಕರೆಂಟ್ ಡೇಟ್ ಬರೆದರೆ ಯಾರೂ ತಡೆಯುವುದಿಲ್ಲ, ಆದರೆ ಅದು ಲೆಕ್ಕವಾಗುವುದು ರಿಫ್ರೆಶ್ ಮಾಡಿದ, ಅಂದರೆ ಉಳಿಸಿದ ಉತ್ತರವನ್ನು ಹೊಸದಾಗಿ ಲೆಕ್ಕ ಹಾಕಿದ ಗಳಿಗೆಯಲ್ಲಿ. ನಿನ್ನೆ ಸಂಜೆ ರಿಫ್ರೆಶ್ ಆದ ವ್ಯೂನಲ್ಲಿ ಇವತ್ತು ಬೆಳಿಗ್ಗೆಯೂ ‘ಇವತ್ತು’ ಎಂದರೆ ನಿನ್ನೆಯೇ. ಎಸ್‌ಕ್ಯೂಎಲ್ ಸರ್ವರ್ ಹೆಚ್ಚು ಕಟ್ಟುನಿಟ್ಟು. ಅಲ್ಲಿನ ಇಂಡೆಕ್ಸ್ಡ್ ವ್ಯೂನಲ್ಲಿ (ಉತ್ತರ ಉಳಿಸುವ ವ್ಯೂಗೆ ಅಲ್ಲಿನ ಹೆಸರು) ಗೆಟ್‌ಡೇಟ್‌ನಂಥ ಫಂಕ್ಷನ್‌ಗೆ ಪ್ರವೇಶವೇ ಇಲ್ಲ. ಒರಾಕಲ್ ನಡುದಾರಿ ಹಿಡಿದಿದೆ. ಮೆಟೀರಿಯಲೈಸ್ಡ್ ವ್ಯೂನಲ್ಲಿ ಸಿಸ್‌ಡೇಟ್ ಇದ್ದರೆ ಬದಲಾದ ಸಾಲುಗಳನ್ನಷ್ಟೇ ತಿದ್ದುವ ವೇಗದ ರಿಫ್ರೆಶ್ ದಕ್ಕುವುದಿಲ್ಲ, ಪೂರ್ತಿ ಮರುಲೆಕ್ಕವೇ ಗತಿ. ಮೂರರ ಹಿಂದಿರುವ ತರ್ಕ ಒಂದೇ. ಸಾಲುಗಳ ಬದಲಾವಣೆಯನ್ನು ಹಿಂಬಾಲಿಸಬಹುದು, ಕಾಲದ ಬದಲಾವಣೆಯನ್ನು ಹಿಂಬಾಲಿಸಲು ಆಗುವುದಿಲ್ಲ.

ಈ ಪಾಠವನ್ನು ಕಷ್ಟಪಟ್ಟು ಕಲಿತವರು ಲೋಟಸ್ ನೋಟ್ಸ್ ಬಳಸಿದವರು. 1989ರಲ್ಲಿ ಬಂದ ಈ ತಂತ್ರಾಂಶದಲ್ಲಿ ಪ್ರತಿ ವ್ಯೂ ಕೂಡ ಡಿಸ್ಕಿನ ಮೇಲೆ ಉಳಿಸಿದ ಒಂದು ಇಂಡೆಕ್ಸ್. ಯಾವ ದಾಖಲೆಗಳು ಅದರಲ್ಲಿ ಕಾಣಬೇಕು ಎಂಬುದನ್ನು ಒಂದು ಆಯ್ಕೆಯ ಸೂತ್ರ ಹೇಳುತ್ತದೆ. ಆ ಸೂತ್ರದಲ್ಲಿ ‘ಟುಡೇ’ ಅಥವಾ ‘ನೌ’ ಫಂಕ್ಷನ್ ಬಂದರೆ ನೋಟ್ಸ್ ಅದನ್ನು ಗುರುತಿಸಿ, ಈ ವ್ಯೂ ಎಂದೂ ತಾಜಾ ಅಲ್ಲ ಎಂದು ತೀರ್ಮಾನಿಸುತ್ತದೆ. ಪರಿಣಾಮ, ತೆರೆದಾಗಲೆಲ್ಲ ಮರುಲೆಕ್ಕ. ದಾಖಲೆ ಹೆಚ್ಚಿದಂತೆ ವ್ಯೂ ನಿಧಾನವಾಗುತ್ತದೆ, ಜೊತೆಗೆ ಸರ್ವರನ್ನೂ ಎಳೆದು ಕೂರಿಸುತ್ತದೆ. ಹೀಗಾಗಿ ಅಲ್ಲಿ ನಾನಾ ಉಪಾಯಗಳು ಹುಟ್ಟಿದವು. ‘ಟುಡೇ’ ಎಂಬ ಪಠ್ಯವನ್ನು ಸಮಯವಾಗಿ ಪರಿವರ್ತಿಸುವ ಫಂಕ್ಷನ್ ಬಳಸಿ, ಸೂತ್ರದಲ್ಲಿ ಕಾಲದ ಸುಳಿವೇ ಸಿಗದಂತೆ ಮಾಡುವುದು ಒಂದು. ವೇಗವೇನೋ ಬರುತ್ತದೆ, ಆದರೆ ಇಂಡೆಕ್ಸ್ ಹೊಸದಾಗಿ ಕಟ್ಟುವವರೆಗೆ ಹಳೆಯ ತಾರೀಖೇ ಉಳಿಯುತ್ತದೆ, ಅಂದರೆ ಒಂದು ರೋಗ ಹೋಗಿ ಇನ್ನೊಂದು ಬಂತು. ಹೆಚ್ಚು ಪ್ರಾಮಾಣಿಕವಾದ ಉಪಾಯವೆಂದರೆ ರಾತ್ರಿ ಒಂದು ಏಜೆಂಟ್ (ನೋಟ್ಸ್‌ನೊಳಗೆ ಓಡುವ ಸಣ್ಣ ಪ್ರೋಗ್ರಾಂ) ಓಡಿಸಿ, ಆಯ್ಕೆಯ ಸೂತ್ರದಲ್ಲಿ ಆ ದಿನದ ನಿಜವಾದ ತಾರೀಖನ್ನೇ ಬರೆಯುವುದು. ಆಗ ದಿನಕ್ಕೊಂದೇ ಸಲ ಇಂಡೆಕ್ಸ್ ಕಟ್ಟಿದರೆ ಸಾಕು.

ಕುತೂಹಲದ ಸಂಗತಿ ಎಂದರೆ, ಲೋಟಸ್ ನೋಟ್ಸ್‌ಗೆ ಕೆಲಸ ಮಾಡಿದ್ದ ಡೇಮಿಯನ್ ಕ್ಯಾಟ್ಜ್ ಅವರೇ 2005ರಲ್ಲಿ ಕೌಚ್‌ಡಿಬಿ ಎಂಬ ಡೇಟಾಬೇಸ್ ಶುರು ಮಾಡಿದ್ದು. ಅಲ್ಲೂ ವ್ಯೂ ಎಂದರೆ ಉಳಿಸಿಟ್ಟ ಇಂಡೆಕ್ಸೇ. ದಾಖಲೆ ಬದಲಾದಾಗ ಮಾತ್ರ ಅದರ ಮ್ಯಾಪ್ ಫಂಕ್ಷನ್ (ದಾಖಲೆಯಿಂದ ಇಂಡೆಕ್ಸಿನ ಕೀಲಿ ತೆಗೆಯುವ ಕೋಡ್) ಓಡುತ್ತದೆ. ಅದರೊಳಗೆ ಇವತ್ತಿನ ತಾರೀಖು ಕೇಳಿದರೆ ಇಂಡೆಕ್ಸ್ ಕಟ್ಟಿದ ದಿನ ಹೆಪ್ಪುಗಟ್ಟುತ್ತದೆ. ಅಲ್ಲಿನ ಸರಿಯಾದ ವಿಧಾನವೇ ಬೇರೆ: ವಾಯಿದೆಯ ದಿನವನ್ನೇ ಇಂಡೆಕ್ಸಿನ ಕೀಲಿಯಾಗಿ ಹೊರಹಾಕಿ, ವ್ಯೂವನ್ನು ಕೇಳುವಾಗ ‘ಈ ಕೀಲಿಯಿಂದ ಆ ಕೀಲಿಯವರೆಗೆ’ ಎಂದು ವ್ಯಾಪ್ತಿ ಕೊಡುವುದು. ವ್ಯೂನಲ್ಲಿ ಎಲ್ಲ ದಿನಗಳೂ ವಿಂಗಡವಾಗಿ ಕೂತಿರುತ್ತವೆ, ಇವತ್ತು ಯಾವುದೆಂದು ಹೇಳುವುದು ಕೇಳುವವರ ಕೆಲಸ.

ಈ ಮಾದರಿ ಕೌಚ್‌ಡಿಬಿಗೆ ಸೀಮಿತವಲ್ಲ. ಮೆಟೀರಿಯಲೈಸ್ಡ್ ವ್ಯೂ ಬೇಕೇ ಬೇಕು ಎನ್ನುವ ಕಡೆಯಲ್ಲೆಲ್ಲ ಇದು ಹೊಂದುತ್ತದೆ. ಭಾರವಾದ ಜೋಡಣೆ, ಕೂಡುವ ಲೆಕ್ಕಗಳನ್ನೆಲ್ಲ ದಿನದ ಕಾಲಂ ಸಮೇತ ಉಳಿಸಿದ ವ್ಯೂನಲ್ಲಿ ಮಾಡಿ, ಅದರ ಮೇಲೆ ‘ದಿನ ಕರೆಂಟ್ ಡೇಟ್‌ಗೆ ಸಮ’ ಎನ್ನುವ ತೆಳುವಾದ ಸಾಮಾನ್ಯ ವ್ಯೂ ಒಂದನ್ನು ಹೊದಿಸಿ. ಕೆಳಗಿನದು ಡೇಟಾ ಬದಲಾದಾಗ ತಾಜಾ ಆಗಲಿ, ಮೇಲಿನದು ಕೇಳಿದಾಗಲೆಲ್ಲ ತಾಜಾ ಇರುತ್ತದೆ. ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ಲಿಸ್ಟುಗಳಲ್ಲೂ ಇದೇ ಭೇದ ಕಾಣುತ್ತದೆ: ವ್ಯೂನ ಫಿಲ್ಟರ್‌ನಲ್ಲಿ ಹಾಕಿದ ‘ಟುಡೇ’ ತೆರೆದಾಗಲೆಲ್ಲ ಹೊಸದು, ಲೆಕ್ಕದ ಕಾಲಂನೊಳಗಿನದು ಆ ಐಟಂ ಯಾರಾದರೂ ತಿದ್ದುವವರೆಗೆ ಹಳತು.

ಕ್ಯಾಶ್ ವಿಷಯದಲ್ಲಿ ಹೆದರಬೇಕಾಗಿಲ್ಲ, ಖರ್ಚು ಮಾತ್ರ ಗಮನದಲ್ಲಿರಲಿ. ಕರೆಂಟ್ ಡೇಟ್ ಇರುವ ಕ್ವೆರಿಯ ಫಲಿತಾಂಶವನ್ನು ಗೂಗಲ್‌ನ ಡೇಟಾ ಸೇವೆಯಾದ ಬಿಗ್‌ಕ್ವೆರಿ ಕ್ಯಾಶ್‌ನಿಂದ ಕೊಡುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಓಡಿಸುತ್ತದೆ. ನೂರಾರು ಜನ ಒಂದೇ ಡ್ಯಾಶ್‌ಬೋರ್ಡ್ ತೆರೆದರೆ ನೂರಾರು ಸಲ ಓಡುತ್ತದೆ. ತಾರೀಖನ್ನು ಅಕ್ಷರಶಃ ಬರೆದು ಕಳಿಸಿದರೆ ದಿನವಿಡೀ ಒಂದೇ ಕ್ವೆರಿಯಾಗುವುದರಿಂದ ಕ್ಯಾಶ್ ಕೆಲಸಕ್ಕೆ ಬರುತ್ತದೆ.

ಯಾರ ಗಡಿಯಾರ?

ಪೋಸ್ಟ್‌ಗ್ರೆಸ್‌ನ ಕರೆಂಟ್ ಡೇಟ್ ನಿಮ್ಮ ಸೆಷನ್ನಿನ (ಡೇಟಾಬೇಸ್ ಜೊತೆ ನೀವು ತೆರೆದ ಸಂಪರ್ಕದ) ಟೈಮ್ ಝೋನ್ ನೋಡಿ ಉತ್ತರ ಹೇಳುತ್ತದೆ. ಮೈಎಸ್‌ಕ್ಯೂಎಲ್‌ನ ಕರ್‌ಡೇಟ್ ಕೂಡ ಹಾಗೆಯೇ. ಒರಾಕಲ್‌ನಲ್ಲಿ ಎರಡೂ ಇವೆ: ಸಿಸ್‌ಡೇಟ್ ಸಾಮಾನ್ಯವಾಗಿ ಡೇಟಾಬೇಸ್ ಓಡುವ ಯಂತ್ರದ ಸಮಯ, ಕರೆಂಟ್ ಡೇಟ್ ಸೆಷನ್ನಿನದು. ಎಸ್‌ಕ್ಯೂಎಲ್ ಸರ್ವರ್‌ನ ಗೆಟ್‌ಡೇಟ್ ಯಂತ್ರದ ಗಡಿಯಾರವನ್ನೇ ಓದುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ‘ನೌ’ ಎಂದರೆ ಯುಟಿಸಿ, ಅಂದರೆ ಎಲ್ಲ ಟೈಮ್ ಝೋನುಗಳಿಗೂ ಆಧಾರವಾದ ಜಾಗತಿಕ ಸಮಯ. ಸ್ಥಳೀಯ ಸಮಯ ಬೇಕಾದರೆ ‘ಲೋಕಲ್‌ಟೈಮ್’ ಎಂದು ಬಾಯಿ ಬಿಟ್ಟು ಕೇಳಬೇಕು.

ಇದರ ಅರ್ಥ ಏನೆಂದರೆ, ಒಂದೇ ವ್ಯೂವನ್ನು ಒಂದೇ ಕ್ಷಣದಲ್ಲಿ ಇಬ್ಬರು ಓದಿ ಬೇರೆ ಬೇರೆ ಪಟ್ಟಿ ಪಡೆಯಬಹುದು. ಸರ್ವರ್ ಯುಟಿಸಿಯಲ್ಲಿದ್ದು, ಬಳಕೆದಾರರು ಅದಕ್ಕಿಂತ ಐದೂವರೆ ಗಂಟೆ ಮುಂದಿದ್ದಾರೆ ಎಂದುಕೊಳ್ಳಿ. ಅವರ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ಸರ್ವರ್‌ಗೆ ಇನ್ನೂ ನಿನ್ನೆಯೇ. ಆ ಹೊತ್ತಿನಲ್ಲಿ ಪಟ್ಟಿ ನೋಡುವವರು ಕಡಿಮೆ, ಹಾಗಾಗಿ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ಬೆಳಗಿನ ನಾಲ್ಕಕ್ಕೆ ಓಡುವ ವರದಿಯ ಜಾಬ್‌ನಲ್ಲಿ. ಯುಟಿಸಿಗಿಂತ ಹಿಂದಿರುವವರಿಗೆ ಇದು ತಿರುವುಮುರುವು, ಅವರ ಸಂಜೆಯಲ್ಲೇ ನಾಳೆಯ ಪಟ್ಟಿ ಬಂದು ಕೂತಿರುತ್ತದೆ.

ಲೋಕದಲ್ಲಿ ಯಾವ ಗಳಿಗೆಯಲ್ಲೂ ಒಂದೇ ‘ಇವತ್ತು’ ಇರುವುದಿಲ್ಲ. ಯುಟಿಸಿ ಬೆಳಗಿನ ಹತ್ತೂವರೆಗೆ ಹದಿನಾಲ್ಕು ಗಂಟೆ ಮುಂದಿರುವ ಕಿರಿಬಾಟಿಯ ದ್ವೀಪಗಳಲ್ಲಿ ನಾಳೆ ಶುರುವಾಗಿರುತ್ತದೆ, ಹನ್ನೊಂದು ಗಂಟೆ ಹಿಂದಿರುವ ಅಮೆರಿಕನ್ ಸಮೋವಾದಲ್ಲಿ ನಿನ್ನೆ ಇನ್ನೂ ಮುಗಿದಿರುವುದಿಲ್ಲ. ಅಂದರೆ ಒಂದೇ ಕ್ಷಣಕ್ಕೆ ಮೂರು ತಾರೀಖು. ಪಕ್ಕದ ಸಮೋವಾ ದೇಶವಂತೂ ದಿನಾಂಕ ರೇಖೆಯ ಆಚೆಗೆ ಜಿಗಿಯಲು 2011ರ ಡಿಸೆಂಬರ್ 30 ಅನ್ನು ಕ್ಯಾಲೆಂಡರಿನಿಂದಲೇ ಬಿಟ್ಟುಬಿಟ್ಟಿತು. ಅವತ್ತಿಗೆ ವಾಯಿದೆ ಇದ್ದ ಪುಸ್ತಕವನ್ನು ಅಲ್ಲಿ ಯಾರೂ ಆ ದಿನವೇ ಮರಳಿಸಲು ಸಾಧ್ಯವಿರಲಿಲ್ಲ.

ಆದ್ದರಿಂದ ವ್ಯೂ ಬರೆಯುವಾಗ ಝೋನನ್ನು ಸೆಷನ್ನಿನ ಕೃಪೆಗೆ ಬಿಡದೆ ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು. ಪೋಸ್ಟ್‌ಗ್ರೆಸ್‌ನಲ್ಲಿ ಮತ್ತು 2016ರ ಆವೃತ್ತಿಯಿಂದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಅಟ್ ಟೈಮ್ ಝೋನ್’ ಎಂಬ ಪದಗುಚ್ಛ ಇದಕ್ಕೇ ಇದೆ: ಈಗಿನ ಕ್ಷಣವನ್ನು ಬೇಕಾದ ಝೋನಿಗೆ ತಿರುಗಿಸಿ, ಆಮೇಲೆ ದಿನಾಂಕವನ್ನು ಕತ್ತರಿಸಿ ತೆಗೆಯಿರಿ. ಗ್ರಂಥಾಲಯಕ್ಕೆ ಹಲವು ಝೋನುಗಳಲ್ಲಿ ಶಾಖೆಗಳಿದ್ದರೆ ಝೋನಿನ ಹೆಸರು ಶಾಖೆಯ ಟೇಬಲ್ಲಿನಲ್ಲಿರಲಿ, ಪ್ರತಿ ಸಾಲಿನ ‘ಇವತ್ತು’ ಆ ಶಾಖೆಯಿಂದ ಬರಲಿ. ಇಲ್ಲಿ ಝೋನಿನ ಪೂರ್ತಿ ಹೆಸರನ್ನು ಬಳಸಬೇಕು, ‘ಇಷ್ಟು ಗಂಟೆ ಮುಂದೆ’ ಎಂಬ ಅಂಕಿಯನ್ನಲ್ಲ. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಕಡೆಗಳಲ್ಲಿ ಆ ಅಂಕಿ ವರ್ಷಕ್ಕೆರಡು ಸಲ ಬದಲಾಗುತ್ತದೆ.

ದಿನದ ಅಂಚುಗಳು

‘ಇವತ್ತು ಮರಳಿದ ಪುಸ್ತಕಗಳು’ ಎಂಬ ವ್ಯೂ ಬೇಕು ಎನ್ನಿ. ಮರಳಿದ ಸಮಯ ಎಂಬ ಕಾಲಂನಲ್ಲಿ ಗಂಟೆ, ನಿಮಿಷ, ಸೆಕೆಂಡುಗಳಿವೆ. ಅದನ್ನು ನೇರವಾಗಿ ಇವತ್ತಿನ ತಾರೀಖಿಗೆ ಸಮ ಎಂದು ಹೋಲಿಸಿದರೆ ಸಿಗುವುದು ಸರಿಯಾಗಿ ಮಧ್ಯರಾತ್ರಿಗೆ ಮರಳಿದ ಪುಸ್ತಕ ಮಾತ್ರ, ಅಂದರೆ ಯಾವುದೂ ಇಲ್ಲ. ಒರಾಕಲ್‌ನಲ್ಲಿ ‘ಡೇಟ್’ ಎಂಬ ಹೆಸರಿನ ಮಾದರಿಯೊಳಗೇ ಸಮಯವೂ ಅಡಗಿರುವುದರಿಂದ ಅಲ್ಲಿ ಈ ತಪ್ಪಿಗೆ ದಾರಿ ಇನ್ನೂ ಸಲೀಸು.

ಕಾಲಂನ ಮೇಲೆಯೇ ಫಂಕ್ಷನ್ ಹಾಕಿ, ಸಮಯವನ್ನು ಕಳಚಿ ಹೋಲಿಸುವುದು ಎರಡನೆಯ ದಾರಿ. ಉತ್ತರ ಸರಿ ಬರುತ್ತದೆ, ಆದರೆ ಕಾಲಂ ಫಂಕ್ಷನ್ನಿನೊಳಗೆ ಸೇರಿಕೊಂಡರೆ ಅದರ ಮೇಲಿನ ಇಂಡೆಕ್ಸ್ ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್ ಕೆಲವೊಮ್ಮೆ ಜಾಣತನ ತೋರಿಸಿ ಇಂಡೆಕ್ಸ್ ಬಳಸಿಕೊಳ್ಳುವುದುಂಟು, ಅದನ್ನೇ ನೆಚ್ಚಬಾರದು. ಮೂರನೆಯದು ಬಿಟ್ವೀನ್, ಅಂದರೆ ಎರಡು ಅಂಚುಗಳ ನಡುವೆ ಎಂಬ ಷರತ್ತು: ಇವತ್ತಿನ ಸೊನ್ನೆ ಗಂಟೆಯಿಂದ 23:59:59ರವರೆಗೆ. ಕೊನೆಯ ಸೆಕೆಂಡಿನ ಭಿನ್ನಾಂಶದಲ್ಲಿ ಬಂದ ಪುಸ್ತಕ ಹೊರಗುಳಿಯುತ್ತದೆ. ಅದಕ್ಕೆಂದು .999 ಸೇರಿಸಿದರೆ ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಡೇಟ್‌ಟೈಮ್ ಮಾದರಿ ಅದನ್ನು ನಾಳೆಯ ಸೊನ್ನೆ ಗಂಟೆಗೆ ದುಂಡಗಾಗಿಸುತ್ತದೆ, ಏಕೆಂದರೆ ಅದರ ಸೂಕ್ಷ್ಮತೆ ಸುಮಾರು 3.33 ಮಿಲಿಸೆಕೆಂಡು.

ಇವೆಲ್ಲ ಬೇಡ. ‘ಇವತ್ತಿನ ಆರಂಭಕ್ಕೆ ಸಮ ಅಥವಾ ಹೆಚ್ಚು, ನಾಳೆಯ ಆರಂಭಕ್ಕಿಂತ ಕಡಿಮೆ’ ಎಂದು ಬರೆಯಿರಿ. ಎಡ ಅಂಚು ಒಳಗೆ, ಬಲ ಅಂಚು ಹೊರಗೆ. ಸೂಕ್ಷ್ಮತೆ ಎಷ್ಟೇ ಇರಲಿ ಯಾವ ಕ್ಷಣವೂ ತಪ್ಪಿಹೋಗುವುದಿಲ್ಲ, ಎರಡು ದಿನಗಳಿಗೆ ಸೇರುವುದೂ ಇಲ್ಲ. ಕಾಲಂ ಬರಿಯಾಗಿ ನಿಂತಿರುವುದರಿಂದ ಇಂಡೆಕ್ಸೂ ಸಿಗುತ್ತದೆ. ಹಾಗೆಯೇ ‘ನಾಳೆಯ ಆರಂಭ’ ಎಂದರೆ ಕ್ಯಾಲೆಂಡರಿನಲ್ಲಿ ಒಂದು ದಿನ ಮುಂದೆ, ಇಪ್ಪತ್ತನಾಲ್ಕು ಗಂಟೆ ಕೂಡಿಸುವುದಲ್ಲ. ಗಡಿಯಾರ ತಿರುಗಿಸುವ ದಿನಗಳಲ್ಲಿ ದಿನಕ್ಕೆ ಇಪ್ಪತ್ಮೂರೋ ಇಪ್ಪತ್ತೈದೋ ಗಂಟೆಗಳಿರುತ್ತವೆ.

ಟೇಬಲ್ಲನ್ನು ತಿಂಗಳುವಾರು ಪಾರ್ಟಿಷನ್ ಮಾಡಿದ್ದರೆ, ಅಂದರೆ ತುಂಡುಗಳಾಗಿ ವಿಂಗಡಿಸಿದ್ದರೆ, ಇನ್ನೊಂದು ಸಣ್ಣ ಮಾತು. ಕರೆಂಟ್ ಡೇಟ್‌ನ ಬೆಲೆ ಕ್ವೆರಿಯ ಯೋಜನೆ ಹಾಕುವಾಗ ಖಚಿತವಿರುವುದಿಲ್ಲ, ಓಡುವಾಗಷ್ಟೇ ಗೊತ್ತಾಗುತ್ತದೆ. ಪೋಸ್ಟ್‌ಗ್ರೆಸ್ 2018ರ 11ನೇ ಆವೃತ್ತಿಯಿಂದ ಓಡುವ ಹೊತ್ತಿನಲ್ಲೂ ಬೇಡದ ಪಾರ್ಟಿಷನ್‌ಗಳನ್ನು ಬಿಟ್ಟುಬಿಡುತ್ತದೆ.

ವಾರ ಮತ್ತು ತಿಂಗಳುಗಳಿಗೆ ಬಂದರೆ ಡೇಟಾಬೇಸ್‌ಗಳ ನಡುವೆಯೇ ಒಮ್ಮತವಿಲ್ಲ. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಪೋಸ್ಟ್‌ಗ್ರೆಸ್ ಫೆಬ್ರವರಿಯ ಕೊನೆಯ ದಿನ ಎನ್ನುತ್ತದೆ. ಎಸ್‌ಕ್ಯೂಲೈಟ್ ಸಾಮಾನ್ಯವಾಗಿ ‘ಫೆಬ್ರವರಿ 31’ ಎಂದುಕೊಂಡು ಮುಂದಕ್ಕೆ ಉರುಳಿಸಿ ಮಾರ್ಚ್ 3 ಎನ್ನುತ್ತದೆ, ಅಧಿಕ ವರ್ಷವಾದರೆ ಮಾರ್ಚ್ 2. ಒರಾಕಲ್‌ನ ಆ್ಯಡ್ ಮಂತ್ಸ್ ಫಂಕ್ಷನ್‌ಗೆ ತಿಂಗಳ ಕೊನೆ ಯಾವಾಗಲೂ ತಿಂಗಳ ಕೊನೆಯೇ, ಫೆಬ್ರವರಿ 28 ತಿಂಗಳ ಕೊನೆಯಾಗಿದ್ದರೆ ಅದರ ಮುಂದಿನದು ಮಾರ್ಚ್ 31. ‘ಈ ತಿಂಗಳು’ ಎಂಬ ವ್ಯೂಗೆ ಸುರಕ್ಷಿತ ದಾರಿ ಎಂದರೆ ಮೊದಲು ಇವತ್ತನ್ನು ತಿಂಗಳ ಒಂದನೇ ತಾರೀಖಿಗೆ ಇಳಿಸಿ, ಆಮೇಲೆ ಒಂದು ತಿಂಗಳು ಕೂಡಿಸುವುದು. ಒಂದನೇ ತಾರೀಖಿನ ಬಗ್ಗೆ ಯಾರಿಗೂ ತಕರಾರಿಲ್ಲ. ವಾರದ ಮೊದಲ ದಿನ ಭಾನುವಾರವೋ ಸೋಮವಾರವೋ ಎಂಬುದು ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸೆಷನ್ನಿನ ಸೆಟ್ಟಿಂಗ್. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಪ್ರಮಾಣದ ಪದ್ಧತಿಯಲ್ಲಿ ಸೋಮವಾರ, ಮತ್ತು ವರ್ಷದ ಮೊದಲ ಗುರುವಾರ ಇರುವ ವಾರವೇ ಒಂದನೇ ವಾರ. ಅದರಂತೆ 2027ರ ಜನವರಿ 1 ಸೇರುವುದು 2026ರ 53ನೇ ವಾರಕ್ಕೆ. ವಾರದ ಸಂಖ್ಯೆಗೆ ಕ್ಯಾಲೆಂಡರ್ ವರ್ಷ ಅಂಟಿಸಿ ಫಿಲ್ಟರ್ ಮಾಡುವವರು ಇಲ್ಲಿ ಎಡವುತ್ತಾರೆ.

ತಾರೀಖನ್ನು ಹೊರಗಿನಿಂದ ಕೊಡುವುದು

ಕರೆಂಟ್ ಡೇಟ್ ನೇರವಾಗಿ ಬರೆದ ವ್ಯೂವನ್ನು ಪರೀಕ್ಷಿಸುವುದು ಕಷ್ಟ. ಫೆಬ್ರವರಿ 29ರಂದು ಏನಾಗುತ್ತದೆ ಎಂದು ತಿಳಿಯಲು 2028ರವರೆಗೆ ಕಾಯುವಂತಿಲ್ಲ. ಕೆಲವು ಡೇಟಾಬೇಸ್‌ಗಳು ಗಡಿಯಾರಕ್ಕೆ ಸುಳ್ಳು ಹೇಳಿಸಲು ಅವಕಾಶ ಕೊಡುತ್ತವೆ. ಒರಾಕಲ್‌ನಲ್ಲಿ ಫಿಕ್ಸ್ಡ್ ಡೇಟ್ ಎಂಬ ಪ್ಯಾರಾಮೀಟರ್ ಸಿಸ್‌ಡೇಟ್ ಅನ್ನು ಒಂದೇ ತಾರೀಖಿಗೆ ಕಟ್ಟಿಹಾಕುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಸೆಷನ್ನಿನ ಟೈಮ್‌ಸ್ಟಾಂಪ್ ಬದಲಿಸಿದರೆ ‘ನೌ’ ಅದನ್ನೇ ಹೇಳುತ್ತದೆ, ಆದರೆ ‘ಸಿಸ್‌ಡೇಟ್’ ಜಗ್ಗುವುದಿಲ್ಲ. ಇವು ಪರೀಕ್ಷೆಯ ಯಂತ್ರದಲ್ಲಿ ಸರಿ.

ಇದಕ್ಕಿಂತ ವಾಸಿಯಾದದ್ದು ತಾರೀಖನ್ನು ಪ್ಯಾರಾಮೀಟರ್ ಆಗಿ ತೆಗೆದುಕೊಳ್ಳುವ ಫಂಕ್ಷನ್. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇನ್‌ಲೈನ್ ಟೇಬಲ್ ಫಂಕ್ಷನ್, ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಹಿಂದಿರುಗಿಸುವ ಎಸ್‌ಕ್ಯೂಎಲ್ ಫಂಕ್ಷನ್ ಬರೆದು, ವ್ಯೂನಲ್ಲಿ ಅದಕ್ಕೆ ಕರೆಂಟ್ ಡೇಟ್ ಕೊಟ್ಟು ಕರೆಯಿರಿ. ದಿನನಿತ್ಯದ ಬಳಕೆಗೆ ವ್ಯೂ, ಪರೀಕ್ಷೆಗೂ ಹಳೆಯ ವರದಿಗೂ ಫಂಕ್ಷನ್. ಹಲವು ಕ್ವೆರಿಗಳಿಂದ ಕೂಡಿದ ವರದಿಯೊಂದು ಮಧ್ಯರಾತ್ರಿ ದಾಟಿ ಓಡಿದರೆ ಮೊದಲ ಪುಟದಲ್ಲಿ ಒಂದು ದಿನ, ಕೊನೆಯ ಪುಟದಲ್ಲಿ ಇನ್ನೊಂದು ದಿನವಾಗುವ ಅಪಾಯವೂ ಹೀಗೆ ತಪ್ಪುತ್ತದೆ: ಶುರುವಿನಲ್ಲಿ ಒಮ್ಮೆ ತಾರೀಖು ತೆಗೆದುಕೊಂಡು ಎಲ್ಲ ಕ್ವೆರಿಗೂ ಅದನ್ನೇ ಹಂಚಿ. ಪೋಸ್ಟ್‌ಗ್ರೆಸ್‌ನಲ್ಲಿ ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ (ಒಂದೇ ಕೆಲಸವೆಂಬಂತೆ ಒಟ್ಟಿಗೆ ನಡೆಯುವ ಕ್ವೆರಿಗಳ ಗುಂಪು) ಓಡಿಸಿದರೂ ನಡೆಯುತ್ತದೆ, ಅಲ್ಲಿ ಕರೆಂಟ್ ಡೇಟ್ ಟ್ರಾನ್ಸಾಕ್ಷನ್ ಆರಂಭದ ತಾರೀಖನ್ನೇ ಕೊನೆಯವರೆಗೆ ಹೇಳುತ್ತದೆ.

ಹೀಗೆ ಪ್ಯಾರಾಮೀಟರ್ ಇಟ್ಟ ಮೇಲೆ ಒಂದು ಸೂಕ್ಷ್ಮ ಹೊರಬೀಳುತ್ತದೆ. ಫಂಕ್ಷನ್‌ಗೆ ಕಳೆದ ತಿಂಗಳ 10ನೇ ತಾರೀಖು ಕೊಟ್ಟು ನೋಡಿ. ಅವತ್ತು ವಾಯಿದೆ ಮೀರಿದ್ದ ಪುಸ್ತಕಗಳಲ್ಲಿ ಕೆಲವು ಮಾತ್ರ ಬರುತ್ತವೆ. 12ನೇ ತಾರೀಖಿಗೆ ಮರಳಿದ ಪುಸ್ತಕ 10ರಂದು ಬಾಕಿಯೇ ಇತ್ತು, ಆದರೆ ‘ಮರಳಿದ ಸಮಯ ನಲ್’ ಎಂಬ ಷರತ್ತು ಅದನ್ನು ಹೊರಗಿಟ್ಟಿತು. ಆ ನಲ್‌ನೊಳಗೂ ಒಂದು ‘ಇವತ್ತು’ ಅಡಗಿತ್ತು, ಅದು ಕಾಣಿಸುತ್ತಿರಲಿಲ್ಲ ಅಷ್ಟೆ. ಷರತ್ತು ‘ಮರಳಿದ ಸಮಯ ನಲ್, ಅಥವಾ ಫಂಕ್ಷನ್‌ಗೆ ಕೊಟ್ಟ ತಾರೀಖು ಮುಗಿದ ನಂತರದ್ದು’ ಎಂದಾಗಬೇಕು. ಜೊತೆಗೆ ಪುಸ್ತಕ ಕೊಟ್ಟ ದಿನವೂ ಆ ತಾರೀಖಿಗಿಂತ ಮುಂದಿನದಾಗಿರಬಾರದು.

ಇಷ್ಟಾದರೂ ವಾಯಿದೆ ವಿಸ್ತರಿಸಿದ ಪುಸ್ತಕಗಳ ಲೆಕ್ಕ ತಪ್ಪುತ್ತದೆ. ವಿಸ್ತರಿಸಿದಾಗ ಹಳೆಯ ವಾಯಿದೆಯ ಮೇಲೆಯೇ ಹೊಸದನ್ನು ಬರೆದಿದ್ದರೆ, 10ರಂದು ಅಲ್ಲಿ ಯಾವ ತಾರೀಖಿತ್ತು ಎಂಬುದು ಟೇಬಲ್ಲಿಗೇ ಗೊತ್ತಿಲ್ಲ. ಯಾವ ಫಿಲ್ಟರೂ ಅದನ್ನು ಮರಳಿ ತರಲಾರದು. ಎಸ್‌ಕ್ಯೂಎಲ್‌ನ 2011ರ ಪ್ರಮಾಣದಲ್ಲಿ ಸೇರಿದ ಟೆಂಪೊರಲ್ ಟೇಬಲ್‌ಗಳು ಇರುವುದು ಇದಕ್ಕೇ: ಸಾಲಿನ ಪ್ರತಿ ರೂಪವನ್ನೂ ಅದು ಜಾರಿಯಲ್ಲಿದ್ದ ಅವಧಿಯ ಸಮೇತ ಇಟ್ಟುಕೊಳ್ಳುತ್ತವೆ, ‘ಆ ಹೊತ್ತಿಗೆ ಇದ್ದಂತೆ’ ಎಂದು ಕೇಳಿದರೆ ಹಾಗೆಯೇ ತೋರಿಸುತ್ತವೆ. ಎಸ್‌ಕ್ಯೂಎಲ್ ಸರ್ವರ್ ಮತ್ತು ಮಾರಿಯಾಡಿಬಿಯಲ್ಲಿ ಇದು ಒಳಗೇ ಬಂದಿದೆ. ಇಲ್ಲದ ಕಡೆ ವಿಸ್ತರಣೆಗಳಿಗೆ ಬೇರೆಯೇ ಒಂದು ಟೇಬಲ್ ಇಟ್ಟು, ಒಂದೊಂದು ವಿಸ್ತರಣೆಗೆ ಒಂದೊಂದು ಸಾಲು ಬರೆದರೂ ಕೆಲಸ ನಡೆಯುತ್ತದೆ. ಕೇಳಿದ ತಾರೀಖಿನವರೆಗಿನ ಕೊನೆಯ ಸಾಲೇ ಅವತ್ತಿನ ವಾಯಿದೆ.